ಬಿಡುವಾದ ಕಣ, ಬಾಡಿಗೆ ಕೇಳುವ ನಾಯಿ

ರೊಬಸ್ಟಾ ಒಣಗಿ ಚೀಲ ಸೇರಿತೆಂದರೆ ನಮ್ಮ ಕಾಫಿ ಕಣಗಳಿಗೆ ಮುಂದಿನ ಕೊಯ್ಲಿನ ತನಕ ಕೆಲಸವಿಲ್ಲ. ಅಡಿಕೆಯವರ ಅಂಗಳದ ಪಕ್ಕದ ಮಾಡು, ಹಳೆಯ ಗೋದಾಮು, ಮಾರಿಬಿಟ್ಟ ದನಗಳ ಖಾಲಿ ಕೊಟ್ಟಿಗೆ ಇವುಗಳ ಕಥೆಯೂ ಅಷ್ಟೆ. ಹೆಂಚು ಸರಿಮಾಡುವ ಖರ್ಚು ವರ್ಷವಿಡೀ ಇರುತ್ತದೆ. ಆದಾಯ ಮಾತ್ರ ಮೂರು ನಾಲ್ಕು ತಿಂಗಳಿನದು.

ಈಚೆಗೆ ಸದಸ್ಯರೊಬ್ಬರು ಒಂದು ಪ್ರಶ್ನೆ ತಂದರು. ಪೇಟೆಯಲ್ಲಿ ನಾಯಿಗಳಿಗೆ ತರಬೇತಿ ಕೊಡುವವರೊಬ್ಬರು ಅವರನ್ನು ಕಂಡು, “ಮಳೆಗಾಲದಲ್ಲಿ ನಮಗೆ ಜಾಗವಿಲ್ಲ. ನಿಮ್ಮ ಕಣದ ಮಾಡನ್ನು ಸಂಜೆ ಎರಡು ಗಂಟೆ ಬಾಡಿಗೆಗೆ ಕೊಡಿ” ಎಂದರಂತೆ. “ಕೊಡಬಹುದೇ? ಊರವರು ನಗುತ್ತಾರೇನೋ” ಎಂಬುದು ಸದಸ್ಯರ ಸಂಕೋಚ.

ನಗುವಂಥದ್ದೇನೂ ಇಲ್ಲ. ಆದರೆ ಹೂಂ ಎನ್ನುವ ಮೊದಲು ತಿಳಿದಿರಬೇಕಾದ ಸಂಗತಿಗಳು ಹಲವಿವೆ.

ಕುದುರೆಯ ಮನೆಯಲ್ಲಿ ನಾಯಿಯ ಪಾಠ

ಇಂಗ್ಲೆಂಡ್ ಮೊದಲಾದ ಚಳಿ ದೇಶಗಳಲ್ಲಿ ಕುದುರೆ ಸವಾರಿ ಕಲಿಸುವವರು ಮಳೆ, ಹಿಮಕ್ಕೆ ಅಂಜಿ ಸೂರು ಹಾಕಿದ ದೊಡ್ಡ ಅಂಕಣಗಳನ್ನು ಕಟ್ಟಿಕೊಳ್ಳುತ್ತಾರೆ. ಸಾಮಾನ್ಯ ಅಳತೆ 20 ಮೀಟರ್ ಅಗಲ, 40 ಮೀಟರ್ ಉದ್ದ; ನಮ್ಮ ಲೆಕ್ಕದಲ್ಲಿ ಸುಮಾರು 65ಕ್ಕೆ 130 ಅಡಿ. ಒಳಗೆ ಮರಳಿನ ನೆಲ, ಸುತ್ತ ಗೋಡೆ, ಮೇಲೆ ದೀಪ. ಕುದುರೆಗಳಿಗೆ ಬೇಡವಾದ ಹೊತ್ತಿನಲ್ಲಿ ಆ ಜಾಗವನ್ನು ಗಂಟೆಯ ಲೆಕ್ಕದಲ್ಲಿ ನಾಯಿಯವರಿಗೆ ಬಾಡಿಗೆಗೆ ಕೊಡುವುದುಂಟು. ನಾಯಿ ತಪ್ಪಿಸಿಕೊಂಡು ಓಡಲಾರದು, ಮರಳಿನಿಂದಾಗಿ ಕಾಲಿಗೆ ಪೆಟ್ಟಿಲ್ಲ, ಮಳೆಯ ಕಾಟವಿಲ್ಲ. ಕಟ್ಟಡ ಕುದುರೆಗಾಗಿ ಕಟ್ಟಿದ್ದು, ನಾಯಿಯದು ಮೇಲುಸಂಪಾದನೆ. ಈ ಮಾತನ್ನು ನೆನಪಿನಲ್ಲಿಡಿ. ಲೇಖನದ ಕೊನೆಯಲ್ಲಿ ಇದಕ್ಕೇ ಬರುತ್ತೇವೆ.

ಬಯಲುಸೀಮೆಯ ಓಟಗಾರ

ನಾಯಿಗೆ ಇಂಥ ಆವರಣ ಏಕೆ ಬೇಕು? ಇದಕ್ಕೆ ಉತ್ತರ ನಮ್ಮದೇ ನಾಡಿನ ಬಯಲುಸೀಮೆಯಲ್ಲಿದೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಕಡೆ ಹೋದವರು ಆ ನೆಲವನ್ನು ಮರೆಯುವುದಿಲ್ಲ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಕಣ್ಣು ಹಾಯುವಷ್ಟು ದೂರ ಎರೆಭೂಮಿ, ಜೋಳ, ತೊಗರಿ. ಇಂಡಿ, ಸಿಂದಗಿಗಳಲ್ಲಿ ಹೆಸರಾದ ನಿಂಬೆ ತೋಟಗಳು. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ನಮ್ಮಲ್ಲಿ ಒಂದು ಜುಲೈಯಲ್ಲೇ ಅದಕ್ಕಿಂತ ಹೆಚ್ಚು ಸುರಿಯುವ ಊರುಗಳುಂಟು. ಆ ಬಯಲಿನಲ್ಲಿ ಕುರಿಮಂದೆಯ ಜೊತೆ ಕುರುಬರು ಸಾಕುತ್ತ ಬಂದ ನಾಯಿ ತೆಳು ಸೊಂಟ, ಉದ್ದ ಮೂತಿ, ಆಳವಾದ ಎದೆಯದು. ಪಕ್ಕದ ಮುಧೋಳದ ಹೆಸರಿನಲ್ಲಿ ಅದು ಪ್ರಸಿದ್ಧ. 1997ರವರೆಗೆ ಮುಧೋಳವೂ ಆಗಿನ ಬಿಜಾಪುರ ಜಿಲ್ಲೆಯಲ್ಲೇ ಇತ್ತು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ.

ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಗೆ ಆಶ್ರಯ ಕೊಟ್ಟರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂಬುದು ಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಇದರ ಮರಿಗಳು ಸೈನ್ಯದ ತರಬೇತಿಗಾಗಿ ಮೀರತ್‌ಗೆ ಹೋದವು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ನಾಯಿಗಾಗಿಯೇ ಒಂದು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದೆ.

ಈ ನಾಯಿ ಮೂಗಿಗಿಂತ ಕಣ್ಣನ್ನು ನಂಬಿದ ಬೇಟೆಗಾರ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಬೆನ್ನಟ್ಟುತ್ತದೆ. ಆಗ ಒಡೆಯನ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಹಿಂದೆ ಬಯಲಿನಲ್ಲಿ ಮೊಲ ಅಟ್ಟಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಹೀಗೆ ಬೇಟೆ ನಿಂತಿತು, ಓಟದ ಹಸಿವು ಮಾತ್ರ ನಾಯಿಯ ಮೈಯಲ್ಲಿ ಉಳಿಯಿತು.

ಈಗ ಇದರ ಮರಿಗಳು ಊರೂರಿಗೆ ಹೋಗುತ್ತವೆ. ಪೇಟೆಯ ಮನೆಯಲ್ಲಿ ಸರಪಳಿ ಕಟ್ಟಿಸಿಕೊಂಡು ಇಡೀ ದಿನ ನಿಂತರೆ ನಾಯಿಯೂ ಕೆಡುತ್ತದೆ, ಮನೆಯವರ ನೆಮ್ಮದಿಯೂ ಕೆಡುತ್ತದೆ. ನಮ್ಮ ತೋಟಗಳಲ್ಲಿ ಬಿಟ್ಟರೆ ಓಡಲು ನೇರ ದಾರಿಯಿಲ್ಲ. ಕಾಫಿ ಗಿಡದ ಸಂದಿಯಲ್ಲಿ ನುಗ್ಗಿ ಮುಳ್ಳುತಂತಿಗೆ ಬಿದ್ದರೆ ಅದರ ತೆಳು ಚರ್ಮ ಸೀಳಿಹೋಗುತ್ತದೆ. ಸಂಜೆಯಾದರೆ ಚಿರತೆಯ ಭಯ ಬೇರೆ. ಆದಕಾರಣ ಭದ್ರವಾದ ಆವರಣ ಕೇಳಿಕೊಂಡು ಜನ ಬರುವುದು ಸಹಜ. ಬಯಲುಸೀಮೆಯಲ್ಲಿ ಸೂರು ಬೇಕಾಗುವುದು ಏಪ್ರಿಲ್, ಮೇ ಬಿಸಿಲಿಗೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ.

ಕಣದ ಹಳೆಯ ಕಟ್ಟಳೆ

ಹಾಗಾದರೆ ಕಣವನ್ನು ಕೊಡೋಣವೇ? ಇಲ್ಲಿ ನಿಲ್ಲಬೇಕು.

ಜೋಳದ ಸೀಮೆಯಲ್ಲಿ ರಾಶಿ ಮಾಡುವ ಕಣಕ್ಕೆ ಚಪ್ಪಲಿ ಮೆಟ್ಟಿ ಹೋಗಬಾರದೆಂಬ ಕಟ್ಟಳೆ ಹಿಂದಿನಿಂದ ಬಂದದ್ದು. ನಮ್ಮ ಹಿರಿಯರೂ ಹಾಗೆಯೇ ಹೇಳುತ್ತಿದ್ದರು. ಅದು ಬರಿಯ ಭಕ್ತಿಯ ಮಾತಲ್ಲ. ತಿನ್ನುವ ವಸ್ತು ಬೀಳುವ ನೆಲ ಶುದ್ಧವಾಗಿರಬೇಕೆಂಬ ಬುದ್ಧಿಯ ಮಾತು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಒಣದ್ರಾಕ್ಷಿ ಮಾಡುವ ಶೆಡ್ಡುಗಳೂ ಬೇಸಿಗೆ ಕಳೆದ ಮೇಲೆ ಖಾಲಿ ಇರುತ್ತವೆ. ಅವರ ಶೆಡ್ಡಿಗೂ ನಮ್ಮ ಕಣಕ್ಕೂ ಈ ಕಟ್ಟಳೆ ಒಂದೇ.

ನಾಯಿಯ ಮಲದಲ್ಲಿ ಕೊಕ್ಕೆಹುಳು, ದುಂಡುಹುಳುಗಳ ಮೊಟ್ಟೆ ಇರಬಹುದು. ಕೊಕ್ಕೆಹುಳುವಿನ ಮರಿ ಬೆಚ್ಚಗಿನ ತೇವದ ಮಣ್ಣಿನಲ್ಲಿ ಬದುಕಿದ್ದು ಬರಿಗಾಲಿನ ಚರ್ಮದ ಮೂಲಕ ಒಳಸೇರುತ್ತದೆ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ನಾಯಿಮರಿಗಳನ್ನು ರಕ್ತಭೇದಿಯಿಂದ ಕೊಲ್ಲುವ ಪಾರ್ವೊ ರೋಗದ ವಿಷಾಣು ತಿಂಗಳುಗಟ್ಟಲೆ ನೆಲದಲ್ಲಿ ಕಾದಿರುತ್ತದೆ. ನಮ್ಮ ಮಳೆನಾಡಿನಲ್ಲಿ ಇಲಿಜ್ವರದ ರೋಗಾಣು ನಾಯಿಯ ಮೂತ್ರದಿಂದಲೂ ಹರಡೀತು. ದನ ಸಾಕಿದವರು ಇನ್ನೊಂದನ್ನು ತಿಳಿದಿರಬೇಕು: ಹುಲ್ಲು, ಹಿಂಡಿಯ ಮೇಲೆ ನಾಯಿಯ ಮಲ ಬಿದ್ದರೆ ಗಬ್ಬದ ಹಸು ಕಂದು ಹಾಕುವ ರೋಗವೊಂದು ಅಂಟಬಹುದು.

ಆದಕಾರಣ ಕಾಫಿ, ಅಡಿಕೆ, ಮೆಣಸು ಹರಡುವ ನೆಲವನ್ನು ನಾಯಿಗೆ ಕೊಡಬಾರದು. ಬಾಡಿಗೆ ಎಷ್ಟೇ ಬರಲಿ, ಒಂದು ಚೀಲಕ್ಕೆ ಕೆಟ್ಟ ಹೆಸರು ಬಂದರೆ ಅದು ಊರಿನ ಎಲ್ಲರ ಚೀಲಕ್ಕೂ ಬರುತ್ತದೆ. ಹಳೆಯ ಕೊಟ್ಟಿಗೆ, ಬಂಡಿಯ ಮನೆ, ಮರಮಟ್ಟಿನ ಶೆಡ್ಡು, ತೋಟದಾಚೆಯ ಬೀಳು ಜಾಗ ಇವುಗಳಾದರೆ ಯೋಚಿಸಬಹುದು.

ಜಾಗ ಹೇಗಿರಬೇಕು?

ಪಾಠಕ್ಕೆ ಮಾಡು, ಓಟಕ್ಕೆ ಬಯಲು. ಇದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ. ಕೂರು, ನಿಲ್ಲು, ಬಾ, ಪಕ್ಕದಲ್ಲಿ ನಡೆ ಎಂದು ಕಲಿಸಲು 30ಕ್ಕೆ 60 ಅಡಿಯ ಶೆಡ್ಡು ಸಾಕು. ಮುಧೋಳದಂಥ ಓಟದ ನಾಯಿಯನ್ನು ಅಲ್ಲಿ ಜೋರಾಗಿ ಓಡಿಸಿದರೆ ಗೋಡೆಗೆ ಬಡಿದುಕೊಳ್ಳುತ್ತದೆ. ಅದಕ್ಕೆ ಬೇಲಿ ಹಾಕಿದ ಉದ್ದನೆಯ ಬಯಲೇ ಬೇಕು. ಬೇಲಿ ಆರು ಅಡಿ ಎತ್ತರದ ಜಾಲರಿಯದ್ದಾಗಿರಲಿ, ಮುಳ್ಳುತಂತಿ ಬೇಡ.

ಸಿಮೆಂಟ್ ನೆಲ ತೊಳೆಯಲು ಸುಲಭ. ಆದರೆ ಅದರ ಮೇಲೆ ನೆಗೆತ, ತಿರುಗು ಓಟ ಮಾಡಿಸಿದರೆ ಪಾದ ಸವೆಯುತ್ತದೆ, ಕೀಲು ಕೆಡುತ್ತದೆ. ಮರಳು ಕಾಲಿಗೆ ಒಳ್ಳೆಯದು. ಆದರೆ ಕೊಳೆಯನ್ನು ಒಳಗೇ ಇಟ್ಟುಕೊಳ್ಳುತ್ತದೆ. ನಿತ್ಯ ಹೆಕ್ಕಿ, ಆಗಾಗ ಕೆದಕಿ, ಮೇಲಿನ ಪದರ ಬದಲಾಯಿಸುವ ಮನಸ್ಸಿದ್ದರೆ ಮಾತ್ರ ಮರಳು ಹಾಕಿ.

ಬಾಗಿಲು ಎರಡಿರಲಿ, ಒಂದರ ಹಿಂದೆ ಒಂದು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಮೈಲುತುತ್ತು, ಗೊಬ್ಬರ, ಇಲಿಪಾಷಾಣ ಇಟ್ಟ ಕೋಣೆಗೆ ಬೀಗವಿರಬೇಕು. ಕಾಫಿ ಬೀಜವನ್ನು ನಾಯಿ ತಿಂದರೆ ಅದರಲ್ಲಿರುವ ಕೆಫೀನ್ ವಿಷವಾಗುತ್ತದೆ. ಅಡಿಕೆಯೂ ಅಷ್ಟೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವನ್ನು ಹಿಂದೆ ನ್ಯೂಜಿಲೆಂಡ್ ಮೊದಲಾದ ಕುರಿ ಸಾಕುವ ದೇಶಗಳಲ್ಲಿ ನಾಯಿಗಳ ಹೊಟ್ಟೆಯ ಲಾಡಿಹುಳು ಹೊರಡಿಸಲು ಕೊಡುತ್ತಿದ್ದರು. ನಮ್ಮ ಅಡಿಕೆಗೆ ಅಷ್ಟು ಶಕ್ತಿಯಿದೆ. ಅಳತೆ ಮೀರಿದರೆ ಜೀವಕ್ಕೇ ಅಪಾಯ. ಆ ಕೆಲಸಕ್ಕೆ ಈಗ ಬೇರೆ ಸುರಕ್ಷಿತ ಔಷಧಿಗಳು ಬಂದಿವೆ.

ಕರಾರಿನಲ್ಲಿ ಇರಬೇಕಾದ ಮಾತುಗಳು

ಬಾಯಿಮಾತಿನ ಒಪ್ಪಂದ ಬೇಡ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

1. ಹುಚ್ಚುನಾಯಿ ರೋಗದ ಲಸಿಕೆಯ ಚೀಟಿ ನೋಡದೆ ಯಾವ ನಾಯಿಯನ್ನೂ ಒಳಗೆ ಬಿಡಬಾರದು. ಮೂರು ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ.

2. ಪಾರ್ವೊ ಮೊದಲಾದವುಗಳ ಲಸಿಕೆ ಪೂರ್ತಿಯಾಗದ ಮರಿಗಳು ಬೇಡ. ಬೆದೆಗೆ ಬಂದ ಹೆಣ್ಣುನಾಯಿಯೂ ಬೇಡ.

3. ಒಂದು ಹೊತ್ತಿಗೆ ಒಬ್ಬ ತರಬೇತಿದಾರರ ಗುಂಪು ಮಾತ್ರ. ಒಂದು ಗುಂಪು ಹೋಗಿ ಇನ್ನೊಂದು ಬರುವ ನಡುವೆ ಕಾಲು ಗಂಟೆ ಬಿಡುವಿರಲಿ. ಅಂಗಳಕ್ಕೆ ಬಂದಾಗಲೂ ಹೊರಡುವಾಗಲೂ ನಾಯಿ ಹಗ್ಗದಲ್ಲೇ ಇರಬೇಕು.

4. ಮಲವನ್ನು ತಂದವರೇ ಎತ್ತಬೇಕು. ಅದನ್ನು ಗೊಬ್ಬರದ ಗುಂಡಿಗೆ ಹಾಕದೆ ಬಾವಿಯಿಂದ ದೂರ ಆಳವಾಗಿ ಹೂಳಬೇಕು. ಸಿಮೆಂಟ್ ನೆಲವನ್ನು ಮೊದಲು ತೊಳೆದು ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಹಾಕಬೇಕು.

5. ನಾಯಿ ನಾಯಿಗಳ ಕಾದಾಟ, ಜೀವಂತ ಮೊಲ ಕೋಳಿಗಳನ್ನು ಅಟ್ಟಿಸುವುದು ಸಲ್ಲದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಜಾಗ ಕೊಟ್ಟವರೂ ಸಿಕ್ಕಿಬೀಳುತ್ತಾರೆ. ಮರಿ ಮಾರಾಟದ ವ್ಯವಹಾರವೂ ಅಲ್ಲಿ ಬೇಡ. ತಳಿ ಬೆಳೆಸಿ ಮಾರುವವರು 2017ರ ನಿಯಮಗಳಂತೆ ನೋಂದಾಯಿಸಿಕೊಂಡಿರಬೇಕು.

6. ಯಾರಿಗಾದರೂ ಕಚ್ಚಿದರೆ ಖರ್ಚು ಯಾರದು ಎಂಬುದನ್ನು ಮೊದಲೇ ಬರೆದಿಡಿ. ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ ಹಚ್ಚಿ ಕಾಯಬಾರದು. ಹುಚ್ಚಿನ ಲಕ್ಷಣ ಕಾಣಿಸಿದ ಮೇಲೆ ಮನುಷ್ಯ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು.

ಪಂಚಾಯಿತಿಯಲ್ಲಿ ಅನುಮತಿ ಬೇಕೇ ಎಂದು ವಿಚಾರಿಸಿ. ಕಟ್ಟಡಕ್ಕೆ ವಿಮೆ ಇದ್ದರೆ ಆ ಕಚೇರಿಗೂ ತಿಳಿಸಿ. ನೆರೆಯವರಿಗೆ ಒಂದು ಮಾತು ಹೇಳಿ. ಬೊಗಳುವ ಸದ್ದು ಅವರಿಗೂ ಕೇಳುತ್ತದೆ.

ಲೆಕ್ಕ ಏನು ಹೇಳುತ್ತದೆ?

ಒಂದು ಊಹೆಯ ಲೆಕ್ಕ ನೋಡೋಣ. ಜಾಲರಿ ಬೇಲಿ, ಎರಡು ಬಾಗಿಲು, ದೀಪಕ್ಕೆಂದು 60,000 ರೂಪಾಯಿ ಹಾಕಿದಿರಿ ಎನ್ನಿ. ಗಂಟೆಗೆ ಬಾಡಿಗೆ 150 ರೂಪಾಯಿ. ಶುಚಿ ಮಾಡುವ ಆಳು, ವಿದ್ಯುತ್ತು ಎಂದು ಗಂಟೆಗೆ 50 ಕಳೆದರೆ ಉಳಿಯುವುದು 100. ಹಾಕಿದ ಹಣ ಮರಳಲು 600 ಗಂಟೆ ಬೇಕು. ಮಳೆಗಾಲದ 16 ವಾರ, ವಾರಕ್ಕೆ 8 ಗಂಟೆ ಎಂದರೆ ವರ್ಷಕ್ಕೆ 128 ಗಂಟೆ. ಬಡ್ಡಿ ಬಿಟ್ಟರೂ ನಾಲ್ಕೂವರೆ ವರ್ಷಕ್ಕೂ ಮೇಲಾಯಿತು. ಅಷ್ಟರಲ್ಲಿ ಪೇಟೆಯವರು ಬೇರೆ ಜಾಗ ಹುಡುಕಿಕೊಂಡರೆ ನಿಮ್ಮ ಬಳಿ ಬೇಲಿ ಉಳಿಯುತ್ತದೆ, ಸಾಲವೂ ಉಳಿಯುತ್ತದೆ.

ಅದೇ, ಗೋಡೆಯಿರುವ ಹಳೆಯ ಕೊಟ್ಟಿಗೆಗೆ 6,000 ರೂಪಾಯಿಯಲ್ಲಿ ಬಾಗಿಲು, ದೀಪ ಸರಿಮಾಡಿದರೆ 60 ಗಂಟೆಗೆ ಹಣ ಮರಳುತ್ತದೆ. ಮೊದಲ ಮಳೆಗಾಲದ ಅರ್ಧದಲ್ಲೇ ಲೆಕ್ಕ ಚುಕ್ತಾ. ತಮ್ಮ ಊರಿನ ದರ ಹಾಕಿ ತಾವೇ ಗುಣಿಸಿ ನೋಡಿ.

ಕುದುರೆಯವರ ಮಾತು ಇಲ್ಲಿಗೆ ಬಂತು. ಅವರು ನಾಯಿಗಾಗಿ ಕಟ್ಟಡ ಕಟ್ಟಲಿಲ್ಲ. ಇದ್ದ ಕಟ್ಟಡದ ಬಿಡುವನ್ನು ಮಾರಿದರು. ನಾವೂ ಬಿಡುವನ್ನಷ್ಟೇ ಮಾರಬೇಕು. ಸಾಲ ತಂದು ನಾಯಿಗೆ ಮನೆ ಕಟ್ಟಬಾರದು, ಬೆಳೆ ಒಣಗುವ ನೆಲವನ್ನು ಒಪ್ಪಿಸಬಾರದು.

ನಮ್ಮ ಸದಸ್ಯರಿಗೆ ಹೇಳಿದ್ದೂ ಇಷ್ಟೇ: “ಕಣ ಬೇಡ. ಹಿತ್ತಲಿನ ಹಳೇ ಕೊಟ್ಟಿಗೆ ಇದೆಯಲ್ಲ, ಅದನ್ನು ಕೊಡಿ. ಮೊದಲು ಒಂದು ತಿಂಗಳ ಮಟ್ಟಿಗೆ ಕೊಟ್ಟು ನೋಡಿ.” ಅವರು ಒಪ್ಪಿ ಹೋದರು. ಊರವರು ನಕ್ಕರೆ ನಗಲಿ. ದನವಿಲ್ಲದ ಕೊಟ್ಟಿಗೆಗೆ ಹೆಂಚು ಹೊದಿಸುವ ದುಡ್ಡನ್ನು ನಗುವವರೇನೂ ತಂದುಕೊಡುವುದಿಲ್ಲ.