ಹೆರಿಗೆ ಕೋಣೆಯಲ್ಲಿ ಒಬ್ಬಳು ಜೊತೆಗಿರಲಿ

ನೋವು ಶುರುವಾದ ಕೂಡಲೇ ಹೆಣ್ಣನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಬಾಗಿಲ ಒಳಗೆ ಅವಳೊಬ್ಬಳೇ, ಹೊರಗೆ ಬೆಂಚಿನಲ್ಲಿ ಮನೆಮಂದಿಯೆಲ್ಲ. ಇದೇ ನಿಯಮ ಅಂತ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಸರಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಜೊತೆಗಾತಿಯೊಬ್ಬಳಿಗೆ ಅವಕಾಶ ಕೊಡಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತೀರ್ಮಾನಿಸಿದೆ. ಹೆತ್ತು ಅನುಭವವಿರುವ ಮನೆಯ ಹೆಂಗಸಾದರೆ ಒಳ್ಳೆಯದು. ಮರೆಯ ವ್ಯವಸ್ಥೆಯಿದ್ದ ಕಡೆ ಗಂಡನೂ ಇರಬಹುದು.

ಹೊರದೇಶಗಳಲ್ಲಿ, ಈಗ ನಮ್ಮ ದೊಡ್ಡ ನಗರಗಳಲ್ಲೂ, ಇದಕ್ಕೆಂದೇ ತರಬೇತಾದ ‘ಡೌಲಾ’ಗಳಿದ್ದಾರೆ. ಸೂಲಗಿತ್ತಿಯ ಹಾಗೆ ಹೆರಿಗೆ ಮಾಡಿಸುವುದಿಲ್ಲ. ಬೆನ್ನು ನೀವುವುದು, ನೀರು ಕುಡಿಸುವುದು, ‘ಹೆದರಬೇಡ, ನಾನಿದ್ದೇನೆ’ ಅನ್ನುವುದು, ಅಷ್ಟೇ. ಅಷ್ಟಕ್ಕೇ ಏನಾಗುತ್ತದೆ ಅನ್ನಬೇಡಿ. 15 ಸಾವಿರಕ್ಕೂ ಹೆಚ್ಚು ಮಹಿಳೆಯರಿದ್ದ 26 ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಜೊತೆ ಸಿಕ್ಕವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಕಡಿಮೆ ಎಂದು ಕಂಡುಬಂತು.

ನಮ್ಮವರಿಗೆ ಇನ್ನೊಂದು ಕಾರಣವೂ ಇದೆ. ಶಾಲೆಯಲ್ಲಿ ಕನ್ನಡ ಕಲಿತವಳಿಗೂ ನೋವಿನಲ್ಲಿ ಬಾಯಿಗೆ ಬರುವುದು ಬ್ಯಾರಿಯೇ. ಏನಾಗುತ್ತಿದೆಯೆಂದು ನರ್ಸಿಗೆ ಹೇಳಲು, ಸಹಿ ಹಾಕಿಸುವ ಕಾಗದ ಯಾವುದೆಂದು ಕೇಳಲು ಪಕ್ಕದಲ್ಲಿ ಒಬ್ಬಳು ಬೇಕು.

ಜೊತೆಗಿರುವವಳು ಶುಚಿಯಾದ ಬಟ್ಟೆ ಹಾಕಿರಬೇಕು, ಅಂಟುರೋಗ ಇರಬಾರದು, ವೈದ್ಯರ ಕೆಲಸಕ್ಕೆ ಅಡ್ಡ ಬರಬಾರದು. ಯಾರು ಹೋಗುವುದೆಂದು ಅತ್ತೆ, ಉಮ್ಮ ಕೂತು ತೀರ್ಮಾನಿಸುವುದು ಬೇಡ, ಹೆರುವವಳನ್ನೇ ಕೇಳಿ. ಏಳನೇ ತಿಂಗಳಲ್ಲೇ ಕೇಳಿ, ಆಶಾ ಕಾರ್ಯಕರ್ತೆಗೂ ತಿಳಿಸಿಡಿ. ಖಾಸಗಿ ಆಸ್ಪತ್ರೆಯಾದರೆ ಅಲ್ಲಿನ ಕ್ರಮ ಮೊದಲೇ ವಿಚಾರಿಸಿ. ಸರಕಾರಿ ಆಸ್ಪತ್ರೆಯಲ್ಲಿ ಬಿಡುವುದಿಲ್ಲ ಅಂದರೆ ಜಗಳ ಬೇಡ, ಸುಮ್ಮನಾಗುವುದೂ ಬೇಡ. ವೈದ್ಯಾಧಿಕಾರಿಯ ಹತ್ತಿರ ಹೋಗಿ 2016ರ ತೀರ್ಮಾನದ ಮಾತೆತ್ತಿ.