ಮೊದಲ ಮಹಡಿಯಲ್ಲಿ ಉಳಿದುಬಿಡುವವರು

ಸಾಗರ, ಹೊಸನಗರ, ತೀರ್ಥಹಳ್ಳಿಯ ಪೇಟೆಬೀದಿಗಳ ಕಟ್ಟಡಗಳು ಹೆಚ್ಚಾಗಿ ಎರಡು-ಮೂರು ಅಂತಸ್ತಿನವು. ಕೆಳಗೆ ಅಂಗಡಿ; ಮೇಲೆ ಬ್ಯಾಂಕು, ಸೊಸೈಟಿ, ಕ್ಲಿನಿಕ್ಕು, ಟ್ಯೂಶನ್ ಕ್ಲಾಸು. ಎಷ್ಟೋ ಕಡೆ ಮೇಲಕ್ಕೆ ಹೋಗಲು ಇರುವುದು ಎರಡು ಮಳಿಗೆಗಳ ನಡುವಿನ ಒಂದೇ ಇಕ್ಕಟ್ಟಾದ ಮೆಟ್ಟಿಲು. ಅದರಡಿ ಮೀಟರ್ ಬೋರ್ಡುಗಳು, ಯುಪಿಎಸ್ ಬ್ಯಾಟರಿ, ರಟ್ಟಿನ ಪೆಟ್ಟಿಗೆ. ಅಡಿಕೆ ಸುಗ್ಗಿಯಲ್ಲಾದರೆ ಗೋಣಿಚೀಲದ ರಾಶಿಯೂ ಇರುತ್ತದೆ. ಬೆಂಕಿ ಹುಟ್ಟಬಹುದಾದ ಜಾಗವೂ ಅದೇ, ಜನ ಪಾರಾಗಬೇಕಾದ ದಾರಿಯೂ ಅದೇ. ‘ಒಂದು ಮಾಳಿಗೆ ತಾನೇ, ಇಳಿದು ಓಡಿದರಾಯಿತು’ ಎಂದು ಎಲ್ಲರಿಗೂ ಧೈರ್ಯ. ಅದು ಕಾಲು ಗಟ್ಟಿಯಿರುವವರ ಧೈರ್ಯ.

ನಿಯಮಗಳ ಕಣ್ಣೂ ಎತ್ತರದ ಮೇಲೇ ಇದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕೂ ಎತ್ತರದ್ದು ಬಹುಮಹಡಿ ಕಟ್ಟಡ. ಬಿಗಿಯಾದ ಶರತ್ತುಗಳು ಅನ್ವಯಿಸುವುದು ಅದಕ್ಕೆ. 24 ಮೀಟರ್ ದಾಟಿದರೆ, ತಕ್ಷಣ ಇಳಿಯಲಾಗದವರು ತಂಗಿರಲು ಆಶ್ರಯತಾಣವನ್ನೂ ಬಿಡಬೇಕು. ಮಲೆನಾಡಿನ ಕಟ್ಟಡ ಆ ಅಳತೆಗೋಲಿಗೆ ಸಿಗುವುದೇ ಅಪರೂಪ. ಆದರೆ ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಹತ್ತನೇ ಮಹಡಿಯೂ ಒಂದೇ, ಮೊದಲ ಮಹಡಿಯೂ ಒಂದೇ. ಪಿಂಚಣಿಗೆಂದು ಮೊಮ್ಮಗನ ಹೆಗಲು ಹಿಡಿದು ಬ್ಯಾಂಕಿನ ಮೆಟ್ಟಿಲು ಹತ್ತಿದ ಅಜ್ಜಿಗೂ ಅಷ್ಟೇ.

ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ದುರಂತ ನಡೆದದ್ದು 2010ರ ಫೆಬ್ರುವರಿ 23ರಂದು. ವಿದ್ಯುತ್ ತಂತಿಗಳ ಡಕ್ಟಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನೆಲ್ಲ ತುಂಬಿತು. ತುರ್ತು ನಿರ್ಗಮನದ ದಾರಿ ಬಂದ್ ಆಗಿತ್ತು. ಉಸಿರುಗಟ್ಟಿದವರು ಕಿಟಕಿ ಒಡೆದು ಜಿಗಿದರು. ಒಟ್ಟು ಒಂಬತ್ತು ಜನ ಸತ್ತರು. ಮೃತರ ಮನೆಯವರು ಕಟ್ಟಿದ ‘ಬಿಯಾಂಡ್ ಕಾರ್ಲ್ಟನ್’ ಸಂಸ್ಥೆ ಅಗ್ನಿಸುರಕ್ಷತೆಗಾಗಿ ಇಂದಿಗೂ ದನಿ ಎತ್ತುತ್ತಿದೆ. ಅಲ್ಲಿ ಸಿಕ್ಕಿಬಿದ್ದವರು ದುಡಿಯುವ ವಯಸ್ಸಿನ ಉದ್ಯೋಗಿಗಳು. ಓಡಬಲ್ಲವರ ಗತಿಯೇ ಹಾಗಾದರೆ ಓಡಲಾರದವರ ಪಾಡೇನು? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ಮಾನಸಿಕ ಅಸ್ವಸ್ಥರು ಇದ್ದಲ್ಲೇ ಸುಟ್ಟುಹೋದರು. 2011ರ ಡಿಸೆಂಬರಿನಲ್ಲಿ ಕೋಲ್ಕತ್ತಾದ ಆಮ್ರಿ ಆಸ್ಪತ್ರೆಯಲ್ಲಿ ಸತ್ತ 90ರ ಆಸುಪಾಸಿನ ಜನರಲ್ಲಿ ಬಹುತೇಕರು ಹಾಸಿಗೆ ಬಿಟ್ಟೇಳಲಾಗದ ರೋಗಿಗಳು. ನೆಲಮಾಳಿಗೆಯಲ್ಲಿ ಹೊತ್ತಿದ ಬೆಂಕಿಯ ಹೊಗೆ ವಾರ್ಡಿಗೇ ನುಗ್ಗಿತ್ತು.

ಬಾಗಿಲ ಮೇಲೆ ಕಾಣುವ, ಹಸಿರು ಹಿನ್ನೆಲೆಯಲ್ಲಿ ಓಡುತ್ತಿರುವ ಮನುಷ್ಯನ ಚಿತ್ರ ಜಪಾನಿನದು. 1972ರಲ್ಲಿ ಒಸಾಕಾದ ಸೆನ್ನಿಚಿ ಮಳಿಗೆಯಲ್ಲಿ ಬೆಂಕಿಗೆ 118 ಜನ ಬಲಿಯಾದ ಮೇಲೆ, ಅಕ್ಷರ ಬಾರದವರಿಗೂ ತಿಳಿಯುವ ಗುರುತು ಬೇಕೆಂಬ ಚಿಂತನೆ ಅಲ್ಲಿ ಬಲವಾಯಿತು. ವಿನ್ಯಾಸಕಾರ ಯುಕಿಯೊ ಓಟಾ ತಿದ್ದಿ ರೂಪಿಸಿದ ಆ ಚಿತ್ರವನ್ನು ಈಗ ಜಗತ್ತೇ ಬಳಸುತ್ತಿದೆ. ಗಾಲಿಕುರ್ಚಿಯ ಚಿತ್ರವಿರುವ, ‘ಇಲ್ಲಿ ಕಾಯಿರಿ, ನೆರವು ಬರುತ್ತದೆ’ ಎಂದು ಸೂಚಿಸುವ ಗುರುತೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಮೊದಲು ಬರಬೇಕಾದ್ದು ಅದು.

ಫಲಕ ಹಾಕುವುದರಲ್ಲೂ ವಿವೇಚನೆ ಬೇಕು. ಹೊಗೆ ಮೊದಲು ತುಂಬುವುದು ಸೂರಿನಡಿ. ಬಾಗಿಲ ಮೇಲಿನ ಫಲಕವನ್ನು ಅದು ಮುಚ್ಚುತ್ತದೆ. ಹಾಗಾಗಿ ಗೋಡೆಯ ಬುಡದಲ್ಲೂ ಬಾಣದ ಗುರುತು ಇರಬೇಕು. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ನಂಬುವಂಥದ್ದಲ್ಲ. ಬ್ಯಾಟರಿಯಲ್ಲಿ ಉರಿಯುವ, ಇಲ್ಲವೇ ಬೆಳಕು ಹೀರಿಕೊಂಡು ಕತ್ತಲಲ್ಲಿ ಹೊಳೆಯುವ ಫಲಕವೇ ಆಗಬೇಕು. ಕಿವಿ ಕೇಳದವರಿಗೆ ಸೈರನ್ ವ್ಯರ್ಥ, ಮಿನುಗುವ ದೀಪ ಬೇಕು. ಕಣ್ಣು ಕಾಣದವರಿಗೆ ಫಲಕವೇ ವ್ಯರ್ಥ, ಕೈಹಿಡಿದು ಕರೆದೊಯ್ಯುವ ಒಬ್ಬರು ಬೇಕು. ಆ ಒಬ್ಬರು ಯಾರೆಂಬುದು ಕಚೇರಿಯಲ್ಲಿ ಮೊದಲೇ ನಿಗದಿಯಾಗಿರಬೇಕು.

ಬೆಂಕಿ ಬಿದ್ದಾಗ ಲಿಫ್ಟ್ ಬಳಸುವಂತಿಲ್ಲ. ಹಾಗಾದರೆ ನಡೆಯಲಾರದವರನ್ನು ಇಳಿಸುವುದು ಹೇಗೆ? ರಸ್ತೆ ಕಾಣದ ಹಳ್ಳಿಗಳಿಂದ ರೋಗಿಗಳನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತಂದ ನಾಡು ನಮ್ಮದು. ಆಸ್ಪತ್ರೆಗಳಲ್ಲಿ ಮಲಗಿದ ರೋಗಿಯನ್ನು ಹೊದಿಕೆಯ ಮೇಲೆ ಎಳೆದು ಸಾಗಿಸುವ ವಿಧಾನವನ್ನೂ ಕಲಿಸುತ್ತಾರೆ. ಗಟ್ಟಿ ಕಂಬಳಿಯೊಂದು, ಅಭ್ಯಾಸ ಮಾಡಿದ ನಾಲ್ಕು ಕೈಗಳು ಪ್ರತಿ ಮಹಡಿಯಲ್ಲಿದ್ದರೆ ಅರ್ಧ ಗೆದ್ದಂತೆ. ದುಬಾರಿ ಸಲಕರಣೆ ಬರುವತನಕ ಕಾಯಬೇಕಿಲ್ಲ.

ಕಾನೂನಂತೂ ಸ್ಪಷ್ಟವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ವಿಪತ್ತಿನ ವೇಳೆ ಸಮಾನ ರಕ್ಷಣೆ ಕೊಡಬೇಕೆನ್ನುತ್ತದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಲು 45ನೇ ಸೆಕ್ಷನ್ ಕೊಟ್ಟಿದ್ದ ಐದು ವರ್ಷದ ಗಡುವು 2022ರ ಜೂನಿಗೇ ಮುಗಿದಿದೆ. ಬರಿಯ ಸಲಹೆಯ ರೂಪದಲ್ಲಿರುವ ಮಾನದಂಡ ಸಾಲದು, ಕಡ್ಡಾಯ ನಿಯಮಗಳೇ ಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ತೀರ್ಪಿತ್ತಿದೆ. 2011ರ ಜನಗಣತಿಯಲ್ಲೇ ಕರ್ನಾಟಕದ ವಿಕಲಚೇತನರು 13.24 ಲಕ್ಷ. ಮಂಡಿನೋವಿನ ಹಿರಿಯರು, ತುಂಬು ಗರ್ಭಿಣಿಯರು, ಆಪರೇಷನ್ ಆಗಿ ವಾಕರ್ ಹಿಡಿದವರು ಈ ಲೆಕ್ಕದಲ್ಲಿ ಬರುವುದಿಲ್ಲ. ಮದುವೆ ಮಂಟಪದ ಮುಂದಿನ ಸಾಲಿನಲ್ಲಿ ಕೂರುವವರೆಲ್ಲ ಇವರೇ. ಊಟದ ಹಾಲ್ ನೆಲಮಾಳಿಗೆಯಲ್ಲಿದ್ದು ಪಕ್ಕದಲ್ಲೇ ಸಿಲಿಂಡರುಗಳಿದ್ದರೆ ಅವರು ಯಾವ ಕಡೆಯಿಂದ ಹೊರಬರಬೇಕು?

ಹೆಗ್ಗೋಡಿನಿಂದ ತೀರ್ಥಹಳ್ಳಿಯವರೆಗೆ ನಾಟಕ ನೋಡುವ, ತಾಳಮದ್ದಲೆ ಕೇಳುವ ಸೀಮೆ ಇದು. ಆಟ ಶುರುವಾಗುವ ಮೊದಲು ಮೊಬೈಲ್ ಬಂದ್ ಮಾಡಿ ಎಂದು ಕೋರುವ ಸಂಘಟಕರು, ಹೊರಹೋಗುವ ಬಾಗಿಲು ಎಲ್ಲೆಲ್ಲಿದೆ, ನಡೆಯಲಾಗದವರಿಗೆ ನೆರವಾಗುವವರು ಯಾರು ಎಂಬ ಎರಡು ಮಾತು ಸೇರಿಸಲಿ. ಅದಕ್ಕೆ ಅರ್ಧ ನಿಮಿಷ ಸಾಕು.

1944ರ ಮುಂಬಯಿ ಬಂದರು ಸ್ಫೋಟದಲ್ಲಿ ಮಡಿದ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಈ ಸಲದ ಅಣಕು ಪ್ರದರ್ಶನವನ್ನು ಮೈದಾನದಲ್ಲಿ ಬೇಡ, ಮೆಟ್ಟಿಲಿರುವ ಕಟ್ಟಡದಲ್ಲೇ ಮಾಡಿ ಎಂದು ನಿಮ್ಮ ತಾಲ್ಲೂಕಿನ ಠಾಣೆಯವರನ್ನು ಕೇಳಿಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರನ್ನೂ, ಗಾಲಿಕುರ್ಚಿ ಬಳಸುವ ನಿಮ್ಮೂರಿನವರನ್ನೂ ಜೊತೆಗೆ ಕರೆಯಿರಿ. ಎಲ್ಲಿ ತೊಡಕಿದೆ ಎಂದು ತೋರಿಸಿಕೊಡಬಲ್ಲವರು ಅವರೇ. ಅಲ್ಲಿಯತನಕ ಕಾಯದೆ, ನಾಳೆ ಕಚೇರಿಗೆ ಹೋದವರು ಮೆಟ್ಟಿಲ ಬುಡದ ರಟ್ಟಿನ ಪೆಟ್ಟಿಗೆಗಳನ್ನು ತೆಗೆಸಿ, ಹಿಂಬಾಗಿಲ ಬೀಗ ತೆಗೆಸಿ.