ಬೆಕ್ಕು ಬಟ್ಟೆ ತಿನ್ನುವುದೇಕೆ?

ಬೆಕ್ಕು ಹಾಲು ಕುಡಿಯಿತು, ಮೀನು ಕದ್ದಿತು ಎಂಬ ದೂರು ಹಳೆಯದು. ಆದರೆ ತಮ್ಮ ಕಾಯಿಲೆ ಹೇಳಿ, ಔಷಧ ಬರೆಸಿಕೊಂಡು ಎದ್ದು ಹೊರಟವರು ಬಾಗಿಲ ಬಳಿ ನಿಂತು, “ಡಾಕ್ಟ್ರೇ, ನಮ್ಮನೆ ಬೆಕ್ಕು ಬಟ್ಟೆ ತಿಂತದೆ, ಎಂತ ಮಾಡುದು?” ಎಂದು ಕೇಳುವುದೂ ಉಂಟು. ಟವೆಲಿನ ಅಂಚು, ಸ್ವೆಟರಿನ ತೋಳು, ಲುಂಗಿಯ ಮೂಲೆ, ಮಗುವಿನ ಕುಲಾವಿ ಹೀಗೆ ಯಾವುದರಲ್ಲಾದರೂ ದೊಡ್ಡ ತೂತು ಬಿದ್ದಿರುತ್ತದೆ. ಆ ತೂತಿನ ತುಂಡು ಮಾತ್ರ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾನು ಮನುಷ್ಯರ ವೈದ್ಯ. ಬೆಕ್ಕಿನ ಚಿಕಿತ್ಸೆಗೆ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಸರ್ಕಾರಿ ಪಶು ಆಸ್ಪತ್ರೆಗಳಿವೆ. ಆದರೂ ಈ ಪ್ರಶ್ನೆಯಲ್ಲಿ ಮನೆಮಂದಿಯ ಆರೋಗ್ಯವೂ ಸೇರಿಕೊಂಡಿರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಆಹಾರವಲ್ಲದ ವಸ್ತುಗಳನ್ನು ತಿನ್ನುವ ಚಟಕ್ಕೆ ವೈದ್ಯಶಾಸ್ತ್ರದಲ್ಲಿ ‘ಪೈಕಾ’ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಇದು ಒಂದು ಹಕ್ಕಿಯ ಹೆಸರು. ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ ಎಂಬ ಅಪಖ್ಯಾತಿ ಆ ಹಕ್ಕಿಗಿತ್ತು. ಬೆಕ್ಕು, ನಾಯಿ, ದನ, ಮನುಷ್ಯ ಎಲ್ಲರಲ್ಲೂ ಪೈಕಾ ಕಂಡುಬರುತ್ತದೆ.

ಮೊದಲು ನೀವು ಗಮನಿಸಬೇಕಾದದ್ದು, ಬೆಕ್ಕು ಬಟ್ಟೆಯನ್ನು ಬರಿದೆ ಚೀಪುತ್ತದೆಯೋ ಅಥವಾ ನುಂಗುತ್ತದೆಯೋ ಎಂಬುದನ್ನು. ಕಂಬಳಿಯ ಮೇಲೆ ಕುಳಿತು, ಮುಂಗಾಲುಗಳಿಂದ ಹಿಟ್ಟು ನಾದಿದಂತೆ ಮಾಡುತ್ತಾ, ಕಣ್ಣು ಮುಚ್ಚಿ ಉಣ್ಣೆ ಚೀಪುವ ಬೆಕ್ಕು ತಾಯಿಯ ಮೊಲೆ ಕುಡಿದ ನೆನಪಿನಲ್ಲಿರುತ್ತದೆ. ಇದರಿಂದ ಅಷ್ಟೇನೂ ಅಪಾಯವಿಲ್ಲ. ತಾಯಿಯಿಂದ ಬೇಗ ಬೇರ್ಪಟ್ಟ ಮರಿಗಳಲ್ಲಿ ಈ ಅಭ್ಯಾಸ ಹೆಚ್ಚು ಎಂದು ಪಶುವೈದ್ಯರು ಹೇಳುತ್ತಾರೆ. ನಮ್ಮ ಕಡೆ ಕಣ್ಣು ಬಿಟ್ಟು ನಾಲ್ಕು ದಿನವಾಗುವುದರೊಳಗೆ ಮರಿಗಳನ್ನು ಚೀಲಕ್ಕೆ ತುಂಬಿ ಮೀನುಪೇಟೆಯಲ್ಲಿ ಬಿಟ್ಟುಬರುವವರಿದ್ದಾರೆ. ಕರುಣೆಯ ಮಾತು ಹಾಗಿರಲಿ, ಅಂಥ ಮರಿಯನ್ನು ಎತ್ತಿ ತಂದು ಸಾಕಿದವರ ಮನೆಯ ಬಟ್ಟೆಗಳು ಅದಕ್ಕೆ ಬೆಲೆ ತೆರಬೇಕಾಗುತ್ತದೆ. ಕನಿಷ್ಠ ಎಂಟು ವಾರವಾದರೂ ಮರಿ ತಾಯಿಯ ಜೊತೆಗಿರಬೇಕು.

ಇನ್ನೊಂದು ಕಾರಣ ಬೇಸರ. ನಮ್ಮ ಮಳೆಗಾಲದಲ್ಲಿ ಬೆಕ್ಕು ವಾರಗಟ್ಟಲೆ ಅಂಗಳಕ್ಕೆ ಇಳಿಯುವುದಿಲ್ಲ. ಅದೇ ಸಮಯದಲ್ಲಿ ಒಣಗದ ಬಟ್ಟೆಗಳೆಲ್ಲ ಜಗಲಿಯಲ್ಲಿ, ಅಡಿಗೆಮನೆಯ ಹಗ್ಗದ ಮೇಲೆ ಅದರ ಮೂಗಿಗೆ ತಾಗುವಂತೆ ತೂಗಾಡುತ್ತಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಬಂಗಡೆಯ ತಲೆಯೂ ದುರ್ಲಭ. ಆಗ ಮೀನು ಒರೆಸಿದ ಮಸಿಬಟ್ಟೆಯೇ ಅದಕ್ಕೆ ಊಟದಂತೆ ಕಂಡರೆ ಆಶ್ಚರ್ಯವಿಲ್ಲ.

ಸಸ್ಯಾಹಾರಿಗಳ ಮನೆಯ ಬೆಕ್ಕಿನ ವಿಷಯವನ್ನೂ ಹೇಳಬೇಕು. ತೋಟದ ಮನೆಯ ಬೆಕ್ಕು ಹಾಲನ್ನ ತಿಂದರೂ ಇಲಿ, ಓತಿಕ್ಯಾತ ಹಿಡಿದು ತನ್ನ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಪೇಟೆಯ ಬಾಡಿಗೆ ಮನೆಯ ಬೆಕ್ಕಿಗೆ ಆ ಸೌಕರ್ಯವಿಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಇದರ ಕೊರತೆಯಿಂದ ಬೆಕ್ಕಿನ ಹೃದಯ ಹಿಗ್ಗಿ ದುರ್ಬಲವಾಗುತ್ತದೆಂದು 1987ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಮೀನು, ಮೊಟ್ಟೆ ಮನೆಯೊಳಗೆ ತರಲು ಒಪ್ಪದವರು ಅಂಗಡಿಯಲ್ಲಿ ಸಿಗುವ ಬೆಕ್ಕಿನ ಸಿದ್ಧ ಆಹಾರವನ್ನಾದರೂ ಕೊಡಬೇಕು.

ರಕ್ತಹೀನತೆಯೂ ಒಂದು ಕಾರಣವಾಗಬಹುದು. ಚಿಗಟ, ಕೊಕ್ಕೆಹುಳುಗಳಿಂದ ರಕ್ತ ಕಳೆದುಕೊಂಡ ಬೆಕ್ಕು ಸಿಮೆಂಟು ನೆಲ, ಗೋಡೆ ನೆಕ್ಕುವುದುಂಟು. ತುಟಿ ಎತ್ತಿ ಅದರ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕಾದಲ್ಲಿ ಬಿಳಿಚಿಕೊಂಡಿದ್ದರೆ ಪಶುವೈದ್ಯರಿಗೆ ತೋರಿಸಿ.

ನುಂಗಿದ ಬಟ್ಟೆಗಿಂತ ನುಂಗಿದ ದಾರ ಹೆಚ್ಚು ಅಪಾಯಕಾರಿ. ಬೆಕ್ಕಿನ ನಾಲಿಗೆಯ ಮೇಲೆ ಗಂಟಲಿನತ್ತ ಬಾಗಿದ ಸಣ್ಣ ಮುಳ್ಳುಗಳಿವೆ. ಆದ್ದರಿಂದ ಒಮ್ಮೆ ಬಾಯಿಗೆ ಹೋದ ದಾರವನ್ನು ಅದು ಉಗುಳಲಾರದು, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡು, ಇನ್ನೊಂದು ತುದಿ ಕರುಳಿನಲ್ಲಿ ಮುಂದೆ ಸಾಗಿದರೆ ಏನಾಗುತ್ತದೆ? ಪಾಯಿಜಾಮದ ಲಾಡಿ ಎಳೆದಾಗ ಬಟ್ಟೆ ನೆರಿಗೆ ಕಟ್ಟಿಕೊಳ್ಳುವುದಿಲ್ಲವೇ, ಕರುಳೂ ಹಾಗೆಯೇ ನೆರಿಗೆಯಾಗುತ್ತದೆ. ಬಿಗಿದ ದಾರ ಗರಗಸದಂತೆ ಕರುಳನ್ನು ಕೊಯ್ಯುತ್ತದೆ. ಶಸ್ತ್ರಕ್ರಿಯೆಯಾಗದಿದ್ದರೆ ಬೆಕ್ಕು ಸಾಯುತ್ತದೆ. ಹೊಲಿಗೆ ಯಂತ್ರದ ಬಳಿ ಬಿದ್ದ ನೂಲು, ಬಲೆ ರಿಪೇರಿಯ ನೈಲಾನ್ ಎಳೆ, ಭಟ್ಕಳ ಮಲ್ಲಿಗೆ ಬಾಡಿದ ಮೇಲೆ ಉಳಿಯುವ ಬಾಳೆನಾರು ಎಲ್ಲವೂ ಈ ಸಾಲಿಗೆ ಸೇರಿದವು. ಮುಡಿದು ಬಿಟ್ಟ ಹೂವನ್ನು ಬೆಕ್ಕಿಗೆ ಎಟುಕುವಲ್ಲಿ ಎಸೆಯಬೇಡಿ. ಬೆಕ್ಕಿನ ಬಾಯಿಂದಲೋ ಗುದದ್ವಾರದಿಂದಲೋ ದಾರ ಇಣುಕುತ್ತಿದ್ದರೆ ದಯವಿಟ್ಟು ಎಳೆಯಬೇಡಿ, ಎಳೆದರೆ ಕರುಳು ಹರಿಯಬಹುದು. ಬೆಕ್ಕು ಪದೇಪದೇ ವಾಂತಿ ಮಾಡುತ್ತಾ ಊಟ ಬಿಟ್ಟು ಮೂಲೆ ಹಿಡಿದರೆ ಅಂದೇ ಆಸ್ಪತ್ರೆಗೆ ಒಯ್ಯಿರಿ.

ಬಟ್ಟೆ ಉಳಿಸಿಕೊಳ್ಳಲು ಜನ ಮಾಡುವ ಉಪಾಯಗಳಲ್ಲಿ ಎರಡನ್ನು ನಾನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ. ಮೊದಲನೆಯದು, ಬಟ್ಟೆಯ ಮಧ್ಯೆ ಇಡುವ ನ್ಯಾಫ್ತಲೀನ್ ಗುಳಿಗೆ, ಅಂದರೆ ನುಸಿಗುಳಿಗೆ. ಇದು ಬೆಕ್ಕಿಗೂ ವಿಷ, ಪೆಪ್ಪರಮಿಂಟು ಎಂದು ಬಾಯಿಗಿಟ್ಟುಕೊಳ್ಳುವ ಮಗುವಿಗೂ ವಿಷ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಒಂದೇ ಗುಳಿಗೆ ಕೆಂಪು ರಕ್ತಕಣಗಳನ್ನು ಒಡೆದುಹಾಕಬಲ್ಲದು. ಎರಡನೆಯದು, ಬೆಕ್ಕು ಮಂಕಾಯಿತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಅರ್ಧ ತುಂಡು ಕೊಡುವುದು. ಮನುಷ್ಯರ ಯಕೃತ್ತು ಸುಲಭವಾಗಿ ನಿಭಾಯಿಸುವ ಈ ಔಷಧವನ್ನು ಬೆಕ್ಕಿನ ಯಕೃತ್ತು ನಿಭಾಯಿಸಲಾರದು. ಆ ಅರ್ಧ ಮಾತ್ರೆಯೇ ಅದರ ಪ್ರಾಣ ತೆಗೆಯಬಹುದು.

ಹಾಗಾದರೆ ಮಾಡಬೇಕಾದದ್ದೇನು? ಬಟ್ಟೆ ಕೈಗೆಟುಕದಂತೆ ಮುಚ್ಚಳವಿರುವ ಬುಟ್ಟಿಯಲ್ಲೋ ಕಪಾಟಿನಲ್ಲೋ ಇಡುವುದು ಮೊದಲ ಕೆಲಸ. ಒಂದೇ ಹೊತ್ತಿಗೆ ರಾಶಿ ಹಾಕುವ ಬದಲು ಊಟವನ್ನು ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪವಾಗಿ ಕೊಡಿ. ಹಳೆಯ ಕುಂಡದಲ್ಲಿ ಒಂದು ಹಿಡಿ ಭತ್ತ ಬಿತ್ತಿ ಸಸಿ ಬೆಳೆಸಿದರೆ ಜಗಿಯಲು ಅದಕ್ಕೆ ಹುಲ್ಲು ಸಿಗುತ್ತದೆ. ದಿನಕ್ಕೆರಡು ಬಾರಿ ಹತ್ತು ನಿಮಿಷ ಆಟವಾಡಿಸುವ ಕೆಲಸವನ್ನು ಮಕ್ಕಳಿಗೆ ವಹಿಸಿ, ಆದರೆ ದಾರ ಕಟ್ಟಿ ಆಡಿಸಿದರೆ ಆಟ ಮುಗಿದ ಮೇಲೆ ದಾರವನ್ನು ಎತ್ತಿಡಬೇಕು. ಹೊಡೆಯುವುದರಿಂದ ಪ್ರಯೋಜನವಿಲ್ಲ. ನೀವಿಲ್ಲದಾಗ ತಿನ್ನಬೇಕೆಂಬ ಪಾಠವನ್ನಷ್ಟೇ ಅದು ಕಲಿಯುತ್ತದೆ.

ಬೆಕ್ಕಿನ ಬಾಯಿಂದ ಬಟ್ಟೆ ಕಸಿಯಲು ಹೋಗಿ ಕಚ್ಚಿಸಿಕೊಂಡವರಿಗೆ ಒಂದು ಮಾತು. ಬೆಕ್ಕಿನ ಹಲ್ಲು ಸೂಜಿಯಂತೆ. ಗಾಯ ಸಣ್ಣದಾಗಿ ಕಂಡರೂ ಆಳವಾಗಿರುತ್ತದೆ, ಒಂದೇ ದಿನದಲ್ಲಿ ಕೈ ಬಾತು ಕೀವಾಗಬಹುದು. ಅದಕ್ಕಿಂತ ದೊಡ್ಡ ಭಯ ರೇಬಿಸ್. ಇದುವರೆಗೆ ಸರಿಯಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಬಟ್ಟೆ, ಕಟ್ಟಿಗೆ, ಮಣ್ಣು ಎನ್ನದೆ ಕಚ್ಚತೊಡಗಿದರೆ, ಜೊಲ್ಲು ಸುರಿಸುತ್ತಾ, ಸ್ವಭಾವ ಬದಲಾಗಿ ಮೈಮೇಲೆ ಎರಗಿದರೆ, ಅದನ್ನು ಚಟವೆಂದು ಕಡೆಗಣಿಸಬಾರದು. ಕಂಡದ್ದನ್ನೆಲ್ಲ ಕಚ್ಚಿ ನುಂಗುವುದು ರೇಬಿಸ್ ತಗಲಿದ ಪ್ರಾಣಿಗಳ ಲಕ್ಷಣಗಳಲ್ಲಿ ಒಂದು. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ ಪೂರ್ತಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಕಾಫಿಪುಡಿ ಹಚ್ಚಬೇಡಿ. ಬೆಕ್ಕು ಸಾಯುತ್ತದೋ ಇಲ್ಲವೋ ನೋಡೋಣವೆಂದು ಕಾಯದೆ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ. ಚರ್ಮದ ಪದರದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ ಚುಚ್ಚುಮದ್ದು. ಸ್ನಾಯುವಿಗಾದರೆ 14ನೆಯ ದಿನವೂ ಒಂದು ಸೇರುತ್ತದೆ. ರಕ್ತ ಬಂದ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಇನ್ನೊಂದು ಔಷಧವೂ ಬೇಕು. ಹೊಕ್ಕಳ ಸುತ್ತ ಚುಚ್ಚುತ್ತಿದ್ದ ಹಳೆಯ ಲಸಿಕೆ 2005ರ ಹೊತ್ತಿಗೇ ನಮ್ಮ ದೇಶದಲ್ಲಿ ನಿಂತುಹೋಗಿದೆ. ಅದರ ಹೆದರಿಕೆ ಮಾತ್ರ ಹಿರಿಯರಲ್ಲಿ ಇನ್ನೂ ಉಳಿದಿದೆ.

ಬೆಕ್ಕಿನ ಪೈಕಾ ಬಗ್ಗೆ ಇಷ್ಟು ಕಾಳಜಿ ತೋರುವ ಮನೆಗಳಲ್ಲೇ ಮನುಷ್ಯರ ಪೈಕಾ ಯಾರ ಗಮನಕ್ಕೂ ಬಂದಿರುವುದಿಲ್ಲ. ಮಗು ಗೋಡೆಯ ಸುಣ್ಣ ಕೆರೆದು ತಿಂದರೆ ಬಾಲಕೃಷ್ಣ ಮಣ್ಣು ತಿಂದ ಕತೆ ನೆನಪಿಸಿಕೊಂಡು ನಗುತ್ತೇವೆ. ಬಸುರಿ ಹೆಂಗಸು ಹಸಿ ಅಕ್ಕಿ, ಕೆಮ್ಮಣ್ಣು, ವಿಭೂತಿ ತಿಂದರೆ ಬಯಕೆ ಎನ್ನುತ್ತೇವೆ. ಹೈಸ್ಕೂಲಿನ ಹುಡುಗಿ ಬಳಪ ತಿನ್ನುವುದಂತೂ ಅವಳ ಗೆಳತಿಯರಿಗಷ್ಟೇ ಗೊತ್ತು. ಇವರಲ್ಲಿ ಅನೇಕರ ಕೆಳಗಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳುಪು. ಕಬ್ಬಿಣಾಂಶದ ಕೊರತೆಗೂ ಪೈಕಾಕ್ಕೂ ನಿಕಟ ಸಂಬಂಧವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 65, ಹದಿನೈದರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ. ನಮ್ಮ ಒದ್ದೆ ತೋಟಗಳಲ್ಲಿ ಬರಿಗಾಲಿನಲ್ಲಿ ಓಡಾಡುವವರ ಅಂಗಾಲಿನ ಮೂಲಕ ಕೊಕ್ಕೆಹುಳುವಿನ ಮರಿ ಒಳನುಸುಳಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ರಕ್ತ ಕಡಿಮೆಯಾದವರಿಗೆ ಮಣ್ಣಿನ ಆಸೆ, ಮಣ್ಣು ತಿಂದರೆ ಜಂತುಹುಳುವಿನ ಮೊಟ್ಟೆಯೂ ಹೊಟ್ಟೆಗೆ.

ಎರಡು ವರ್ಷದೊಳಗಿನ ಮಗು ಎಲ್ಲವನ್ನೂ ಬಾಯಿಗಿಡುವುದು ಸಹಜ. ಮಲಗುವಾಗ ಹಳೆಯ ಸೀರೆಯ ಸೆರಗು ಚೀಪುವುದೂ ರೋಗವಲ್ಲ. ಆದರೆ ಅದಕ್ಕಿಂತ ದೊಡ್ಡ ಮಗು ತಿಂಗಳಿಗೂ ಮೀರಿ ಮಣ್ಣು, ಸುಣ್ಣ, ಕಾಗದ, ನೂಲು ನುಂಗುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ. ಹುಡುಗಿ ತನ್ನ ಕೂದಲನ್ನು ಕಿತ್ತು ತಿನ್ನುತ್ತಿದ್ದರೆ ತಡಮಾಡಲೇಬೇಡಿ. ಕೂದಲು ಜೀರ್ಣವಾಗದೆ ಜಠರದಲ್ಲಿ ಉಂಡೆಗಟ್ಟುತ್ತದೆ, ಅದನ್ನು ಶಸ್ತ್ರಕ್ರಿಯೆಯಿಂದಲೇ ತೆಗೆಯಬೇಕಾಗಬಹುದು. ಅಂಥ ಮಕ್ಕಳಿಗೆ ಮನೋವೈದ್ಯರ ನೆರವೂ ಬೇಕಾಗುತ್ತದೆ.

ಕಬ್ಬಿಣಾಂಶದ ಮಾತ್ರೆ ಸರ್ಕಾರಿ ಆಸ್ಪತ್ರೆ, ಅಂಗನವಾಡಿ, ಶಾಲೆಗಳ ಮೂಲಕ ಉಚಿತವಾಗಿ ದೊರೆಯುತ್ತದೆ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳು ನಿವಾರಣಾ ದಿನದಂದು ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನೂ ತಪ್ಪಿಸಬೇಡಿ. ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ ಜೊತೆ ನುಂಗಬಾರದು, ಲಿಂಬೆ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಗಾದರೆ ಹೆದರಿ ನಿಲ್ಲಿಸಬೇಡಿ. ಮಾತ್ರೆಯ ಚೀಟಿಯನ್ನು ಮಾತ್ರ ಎತ್ತರದ ಕಪಾಟಿನಲ್ಲಿ ಬೀಗ ಹಾಕಿ ಇಡಿ. ಬಣ್ಣದ ಮಿಠಾಯಿಯಂತೆ ಕಾಣುವ ಈ ಮಾತ್ರೆಗಳನ್ನು ಚಿಕ್ಕ ಮಗು ಹಿಡಿಯಷ್ಟು ತಿಂದರೆ ಜೀವಕ್ಕೇ ಅಪಾಯ.